ಕಂಪ್ಯೂಟರಿನಲ್ಲಿ ಮೊದಲು ಸುರಿಯಲಿ ಮಳೆ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಒಂದೇ ದಿನದಲ್ಲಿ ನಗರದ ಮೇಲೆ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದಿತ್ತು. ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಸುತ್ತಮುತ್ತ ಕಾರುಗಳು ಮುಳುಗಿದವು, ಮನೆಗಳಲ್ಲಿ ಸಿಕ್ಕಿಕೊಂಡವರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಮಳೆ ಎಷ್ಟು ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಆದರೆ ಬಿದ್ದ ನೀರು ಯಾವ ಬೀದಿ ಹಿಡಿಯುತ್ತದೆ, ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ನೆಲದ ಏರುತಗ್ಗು ಬಲ್ಲವರಿಗೆ ಲೆಕ್ಕಕ್ಕೆ ಸಿಗುವ ಸಂಗತಿ.

ಆ ಲೆಕ್ಕವನ್ನು ಮೋಡ ಕಟ್ಟುವ ಮೊದಲೇ ಮಾಡಿಡಲು ಜಗತ್ತಿನ ಹಲವು ನಗರಗಳು ಈಗ ಬಳಸುತ್ತಿರುವ ಸಾಧನವೇ ಡಿಜಿಟಲ್ ಟ್ವಿನ್, ಅಂದರೆ ನಗರದ ಡಿಜಿಟಲ್ ಅವಳಿ. ಕಟ್ಟಡ, ರಸ್ತೆ, ಮರ, ಚರಂಡಿ, ಕೆರೆಗಳನ್ನು ಅಳತೆ ಸಮೇತ ಕಂಪ್ಯೂಟರಿನೊಳಗೆ ಮರಳಿ ಕಟ್ಟಿ, ನಿಜವಾದ ಊರಿನಲ್ಲಿ ನಡೆಯುತ್ತಿರುವುದನ್ನು ಸೆನ್ಸರ್‌ಗಳ ಮೂಲಕ ಆಗಿಂದಾಗ್ಗೆ ಅದಕ್ಕೆ ಉಣಿಸುತ್ತಾರೆ. ಸಾಮಾನ್ಯ ನಕ್ಷೆ ಅಚ್ಚಾದ ದಿನ ಹೇಗಿತ್ತೋ ಹಾಗೇ ಉಳಿಯುತ್ತದೆ. ಅವಳಿ ಊರಿನ ಜೊತೆಗೇ ಬದಲಾಗುತ್ತದೆ, ‘ಇಲ್ಲೊಂದು ಮೇಲ್ಸೇತುವೆ ಕಟ್ಟಿದರೆ ಏನಾದೀತು?’ ಎಂದು ಕೇಳಿದರೆ ಉತ್ತರವನ್ನೂ ಕೊಡುತ್ತದೆ. 1970ರಲ್ಲಿ ಅಪೋಲೊ 13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿದಾಗ ನಾಸಾದವರು ನೆಲದ ಮೇಲಿದ್ದ ಸಿಮ್ಯುಲೇಟರ್‌ಗಳಲ್ಲಿ ಉಪಾಯಗಳನ್ನು ಪರೀಕ್ಷಿಸಿ, ಫಲಿಸಿದ್ದನ್ನು ಗಗನಯಾತ್ರಿಗಳಿಗೆ ತಿಳಿಸಿದ್ದರು. ಡಿಜಿಟಲ್ ಅವಳಿಯ ಕಲ್ಪನೆಯ ಬೇರು ಅಲ್ಲಿದೆ. 2002ರಲ್ಲಿ ಮೈಕೆಲ್ ಗ್ರೀವ್ಸ್ ಅದನ್ನು ಕಾರ್ಖಾನೆಯ ಉತ್ಪನ್ನಗಳಿಗೆ ಹೊಂದುವಂತೆ ರೂಪಿಸಿದರು. ನಗರಗಳಿಗೆ ಅದು ಬಂದದ್ದು ಆಮೇಲೆ.

ಇಡೀ ದೇಶಕ್ಕೇ ಇಂಥದ್ದೊಂದನ್ನು ಕಟ್ಟಲು ಹೊರಟದ್ದು ಸಿಂಗಪುರ. 2014ರ ಡಿಸೆಂಬರ್‌ನಲ್ಲಿ 7.3 ಕೋಟಿ ಸಿಂಗಪುರ ಡಾಲರ್ ವೆಚ್ಚದ ‘ವರ್ಚುವಲ್ ಸಿಂಗಪುರ’ ಯೋಜನೆ ಶುರುವಾಯಿತು. ವಿಮಾನದಿಂದ ನೆಲದತ್ತ ಲೇಸರ್ ಕಿರಣಗಳನ್ನು ಬಿಟ್ಟು, ಅವು ತಾಕಿ ಮರಳುವ ಸಮಯದಿಂದ ಪ್ರತಿ ಬಿಂದುವಿನ ಎತ್ತರವನ್ನು ಅಳೆದರು. ಮೇಲಿನಿಂದ ಕಾಣದ ಗೋಡೆ, ಕಂಬ, ಸೂರುಗಳಿಗಾಗಿ ಲೇಸರ್ ಹೊತ್ತ ವಾಹನಗಳನ್ನು ಬೀದಿಬೀದಿಯಲ್ಲಿ ಓಡಿಸಿದರು. ಹೀಗೆ ಸಿಕ್ಕಿದ್ದು ಕೋಟಿಗಟ್ಟಲೆ ಬಿಂದುಗಳ ರಾಶಿ. ಯಾವ ಬಿಂದು ಮಾವಿನ ಎಲೆಯದು, ಯಾವುದು ತಾರಸಿಯದು, ಯಾವುದು ವಿದ್ಯುತ್ ತಂತಿಯದು? ಮನುಷ್ಯರು ಒಂದೊಂದನ್ನೂ ನೋಡಿ ಬೇರ್ಪಡಿಸಲು ಕೂತರೆ ವರ್ಷಗಳೇ ಬೇಕು. ಕೃತಕ ಬುದ್ಧಿಮತ್ತೆ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ಗುರುತಿಸಿಟ್ಟ ಸಾವಿರಾರು ಮಾದರಿಗಳನ್ನು ನೋಡಿ ಕಲಿತ ತಂತ್ರಾಂಶ ಇಡೀ ರಾಶಿಯನ್ನು ತಾನೇ ವಿಂಗಡಿಸುತ್ತದೆ.

ವಿಂಗಡಿಸಿದ ಮೇಲೆ ಉಪಯೋಗಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಯಾವ ತಾರಸಿಗೆ ಎಷ್ಟು ಬಿಸಿಲು ಬೀಳುತ್ತದೆ, ಅಲ್ಲಿ ಸೌರಫಲಕ ಹಾಕಿದರೆ ಎಷ್ಟು ವಿದ್ಯುತ್ ಸಿಗುತ್ತದೆ ಎಂದು ಅಂದಾಜಿಸಬಹುದು. ಸಿಂಗಪುರದ ವಸತಿ ಮಂಡಳಿ ಹೊಸ ಬಡಾವಣೆಗಳನ್ನು ಯೋಜಿಸುವಾಗ ಗಾಳಿ, ಬಿಸಿಲು, ಸದ್ದು ಮೂರನ್ನೂ ಮೊದಲು ಕಂಪ್ಯೂಟರಿನಲ್ಲಿ ಹರಿಯಬಿಟ್ಟು ನೋಡುತ್ತದೆ. ನಗರದ ಕಾಂಕ್ರೀಟ್ ದಟ್ಟಣೆಯಲ್ಲಿ ತಾಪಮಾನ ಹಸಿರು ಪ್ರದೇಶಕ್ಕಿಂತ 7 ಡಿಗ್ರಿಯವರೆಗೂ ಹೆಚ್ಚಿರಬಲ್ಲದು ಎಂದು ಅಲ್ಲಿಯ ‘ಕೂಲಿಂಗ್ ಸಿಂಗಪುರ’ ಯೋಜನೆ ಕಂಡುಕೊಂಡಿದೆ. ಆ ತಂಡ ನಗರದ ಹವೆಗೇ ಒಂದು ಅವಳಿಯನ್ನು ರೂಪಿಸಿದೆ. ಇವೆಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾಗುವುದು ಒಂದು ಸಣ್ಣ ಬಳಕೆ. ಗಾಲಿಕುರ್ಚಿಯಲ್ಲಿ ಓಡಾಡುವವರು, ವಯಸ್ಸಾದವರು ಮೆಟ್ಟಿಲು ಹತ್ತದೆ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಈ ಮಾದರಿಯಿಂದ ಹುಡುಕಿಕೊಡಬಹುದು. ನೆಲದ ಎತ್ತರ, ಇಳಿಜಾರು, ಮೆಟ್ಟಿಲುಗಳೆಲ್ಲ ಅದರಲ್ಲಿ ದಾಖಲಾಗಿರುವುದರಿಂದ ಇದು ಸಾಧ್ಯ.

ಬೆಂಗಳೂರಿಗೆ ಇದು ಎಷ್ಟು ಅಗತ್ಯ ಎಂಬುದನ್ನು ಊರಿನ ನೆಲವೇ ಹೇಳುತ್ತದೆ. ನಗರ ಕೂತಿರುವುದು ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆ ಸೇರುವಂತೆ ಹಿಂದಿನವರು ವ್ಯವಸ್ಥೆ ಮಾಡಿದ್ದರು. ಆ ಜಾಲದ ಗತಿ ಏನಾಯಿತು ಎಂಬುದನ್ನು ಮಹಾಲೇಖಪಾಲರ ವರದಿ ತೆರೆದಿಟ್ಟಿದೆ: ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016–17ರ ಹೊತ್ತಿಗೆ 63 ಕಿ.ಮೀ.ಗೆ ಇಳಿದಿದ್ದವು. ಕಾಲುವೆ ಮಾಯವಾದರೂ ನೀರು ತನ್ನ ಹಳೆಯ ದಾರಿ ಮರೆಯುವುದಿಲ್ಲ. ಹೀಗಾಗಿ ಇಲ್ಲಿಯ ಅವಳಿಗೆ ಇಂದಿನ ಕಟ್ಟಡಗಳಷ್ಟೇ ಸಾಲದು, ಹಳೆಯ ಸರ್ವೆ ನಕ್ಷೆಗಳಲ್ಲಿರುವ ಹಳ್ಳ, ಕಾಲುವೆ, ಕೆರೆಯಂಗಳಗಳೂ ಬೇಕು.

ಕೆಲಸ ಶೂನ್ಯದಿಂದ ಶುರುವಾಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ನಗರಕ್ಕೊಂದು ಪ್ರವಾಹ ಮಾದರಿಯನ್ನು ರೂಪಿಸಿವೆ. ಮಳೆಮಾಪಕಗಳು, ರಾಜಕಾಲುವೆಯ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳು ಅದಕ್ಕೆ ಮಾಹಿತಿ ಕೊಡುತ್ತವೆ. ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪ್ ಜನರಿಗೆ ಮುನ್ಸೂಚನೆ ನೀಡುತ್ತದೆ. ಇಂಥ ಮಾದರಿ ನೆಲವನ್ನು ಪುಟ್ಟ ಪುಟ್ಟ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ನೀರು ಹರಿದೀತು ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ದೊಡ್ಡ ನಗರವೆಂದರೆ ಲೆಕ್ಕ ಮುಗಿಯಲು ಗಂಟೆಗಳೇ ಹಿಡಿಯಬಹುದು, ಅಷ್ಟರಲ್ಲಿ ಮಳೆ ತನ್ನ ಕೆಲಸ ಮುಗಿಸಿರುತ್ತದೆ. ಅದಕ್ಕೇ ಸಂಶೋಧಕರು ಬೇರೆ ಬೇರೆ ಮಳೆಗಳ ಲೆಕ್ಕವನ್ನು ಮೊದಲೇ ಮಾಡಿ, ಫಲಿತಾಂಶಗಳನ್ನು ಕೃತಕ ಬುದ್ಧಿಮತ್ತೆಗೆ ಕಲಿಸುತ್ತಾರೆ. ಹೊಸ ಮಳೆ ಬಂದಾಗ ಅದು ನಿಮಿಷಗಳಲ್ಲಿ ಅಂದಾಜು ಕೊಡುತ್ತದೆ. ಕೆಳಸೇತುವೆ ಮುಚ್ಚಿಸಲು, ಪಂಪು ಸಾಗಿಸಲು, ತಗ್ಗಿನ ಮನೆಗಳವರನ್ನು ಎಬ್ಬಿಸಲು ಹೀಗೆ ಉಳಿದ ಹೊತ್ತು ಸಿಕ್ಕರೂ ಬಹಳ ದೊಡ್ಡದು.

ಆದರೆ ಮೋರಿಯ ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ರಾಶಿ ಯಾವ ವಿಮಾನಕ್ಕೂ ಕಾಣುವುದಿಲ್ಲ. ಹೂಳು ತುಂಬಿ ಅರ್ಧಕ್ಕಿಳಿದ ಕಾಲುವೆ ದಾಖಲೆಯಲ್ಲಿ ಪೂರ್ತಿ ಆಳದ್ದೇ ಆಗಿರುತ್ತದೆ. ಸಮತಟ್ಟಾದ ಬಡಾವಣೆಯಲ್ಲಿ ನೆಲದ ಅಳತೆ ಅರ್ಧ ಅಡಿ ತಪ್ಪಿದರೂ ಪರದೆಯ ಮೇಲಿನ ನೀರು ಬೇರೆ ಬೀದಿಗೆ ಹೋಗುತ್ತದೆ. ಅವಳಿ ನಂಬಿಕೆಗೆ ಅರ್ಹವಾಗಬೇಕಾದರೆ ಹೂಳೆತ್ತುವ ಕಾರ್ಮಿಕರು, ವಾರ್ಡ್ ಎಂಜಿನಿಯರರು, ಕಾಲುವೆ ಪಕ್ಕದ ನಿವಾಸಿಗಳು ಕಂಡದ್ದು ಅದರೊಳಗೆ ಸೇರುತ್ತಲೇ ಇರಬೇಕು. ಬಹಳಷ್ಟು ಯೋಜನೆಗಳು ಸೊರಗುವುದು ಇಲ್ಲೇ: ಮಾದರಿ ಕಟ್ಟಲು ಹಣ ಬರುತ್ತದೆ, ವರ್ಷವರ್ಷ ಅದನ್ನು ತಿದ್ದುವುದಕ್ಕೆ ಬರುವುದಿಲ್ಲ.

ನೀರಿಗಿಂತ ಸಂಚಾರದ ಸಿಗ್ನಲ್‌ಗಳಲ್ಲಿ ಇಂಥ ಲೆಕ್ಕದ ಫಲ ಬೇಗ ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂಬತ್ತು ಜಂಕ್ಷನ್‌ಗಳಲ್ಲಿ, ವಾಹನಗಳ ಸಾಲು ನೋಡಿ ತಾವೇ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್‌ಗಳನ್ನು ಪ್ರಯೋಗಿಸಿದರು. ಪ್ರಯಾಣದ ಸಮಯ ಸುಮಾರು ಕಾಲುಭಾಗ ಇಳಿಯಿತು. ಗೂಗಲ್‌ನ ‘ಗ್ರೀನ್ ಲೈಟ್’ ಯೋಜನೆ ಬೆಂಗಳೂರು, ಕೋಲ್ಕತ್ತ, ಹೈದರಾಬಾದ್‌ ಸೇರಿ ಹಲವು ನಗರಗಳಲ್ಲಿ ಮ್ಯಾಪ್ಸ್ ಮಾಹಿತಿ ನೋಡಿ ಸಿಗ್ನಲ್ ಸಮಯ ಬದಲಿಸಲು ಸಲಹೆ ಕೊಡುತ್ತದೆ. ನಿಂತು ಹೊರಡುವುದು ಶೇ 30ರವರೆಗೂ ತಗ್ಗಬಹುದೆಂದು ಕಂಪನಿ ಹೇಳುತ್ತದೆ. ಇಷ್ಟಾದರೂ ವಾಹನದ ಸಾಲನ್ನು ಮಾತ್ರ ಎಣಿಸುವ ಯಂತ್ರಕ್ಕೆ ರಸ್ತೆ ದಾಟಲು ಕಾದು ನಿಂತ ಅಜ್ಜಿ ಲೆಕ್ಕಕ್ಕೇ ಬರುವುದಿಲ್ಲ. ಅವರನ್ನೂ ಎಣಿಸು ಎಂದು ಹೇಳಿಕೊಡಬೇಕಾದವರು ನಗರವನ್ನು ನಡೆಸುವವರು.

ಹೀಗೆ ಕಲೆಹಾಕಿದ ಮಾಹಿತಿ ಯಾರದು ಎಂಬ ಪ್ರಶ್ನೆ ಇನ್ನೂ ಕಠಿಣವಾದದ್ದು. ಕೆನಡಾದ ಟೊರಾಂಟೊದಲ್ಲಿ ಸರೋವರದಂಚಿನ ಕ್ವೇಸೈಡ್‌ನಲ್ಲಿ ಗೂಗಲ್‌ನ ಸೋದರ ಸಂಸ್ಥೆ ಸೈಡ್‌ವಾಕ್ ಲ್ಯಾಬ್ಸ್ 2017ರಲ್ಲಿ ಸೆನ್ಸರ್ ತುಂಬಿದ ಬಡಾವಣೆಯೊಂದನ್ನು ಕಟ್ಟಲು ಹೊರಟಿತು. ಬೀದಿಯಲ್ಲಿ ನಡೆಯುವವರ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಜನ ಪಟ್ಟುಹಿಡಿದು ಕೇಳಿದರು. ಸಂಸ್ಥೆಗೆ ಸಲಹೆ ಕೊಡುತ್ತಿದ್ದ ಖಾಸಗಿತನದ ತಜ್ಞೆ ಆ್ಯನ್ ಕವೂಕಿಯನ್ 2018ರಲ್ಲಿ ರಾಜೀನಾಮೆ ಕೊಟ್ಟರು. 2020ರ ಮೇ ತಿಂಗಳಲ್ಲಿ ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಹೆಲ್ಸಿಂಕಿ ಹಿಡಿದ ದಾರಿ ಬೇರೆ. ಫಿನ್ಲೆಂಡಿನ ಆ ರಾಜಧಾನಿ ತನ್ನ ಮೂರು ಆಯಾಮದ ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ತೆರೆದಿಟ್ಟಿದೆ. ಕಟ್ಟಡಗಳ ಶಕ್ತಿಬಳಕೆಯ ಮಾಹಿತಿಯೂ ಅದರ ಜೊತೆಗಿದೆ.

ಬೆಂಗಳೂರಿನ ಆಡಳಿತ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿ ಹಂಚಿಹೋಗಿದೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಕಣಿವೆಯ ನೀರು ಪಾಲಿಕೆಯ ಗಡಿ ನೋಡಿ ನಿಲ್ಲುವುದಿಲ್ಲ. ಐದೂ ಪಾಲಿಕೆಗಳು, ಜಲಮಂಡಳಿ, ಸಂಚಾರ ಪೊಲೀಸರು, ಮೆಟ್ರೊ ನಿಗಮ ತಮ್ಮ ತಮ್ಮ ನಕ್ಷೆಗಳನ್ನು ತಮ್ಮಲ್ಲೇ ಇಟ್ಟುಕೊಂಡರೆ ಏಳೆಂಟು ಅರೆಬರೆ ಅವಳಿಗಳು ಹುಟ್ಟುತ್ತವೆ. ಮುಂದಿನ ಮುಂಗಾರಿಗೆ ಮೊದಲು ಕನಿಷ್ಠ ರಾಜಕಾಲುವೆಗಳ ಅಗಲ, ಆಳ, ಹೂಳೆತ್ತಿದ ದಿನಾಂಕಗಳನ್ನು ಒಂದೇ ಮಾದರಿಗೆ ಸೇರಿಸಿ, ವಾರ್ಡ್‌ವಾರು ಕನ್ನಡದಲ್ಲಿ ಜನರ ಕಣ್ಣಿಗೆ ಕಾಣುವಂತೆ ಇಡುವ ಕೆಲಸವನ್ನು ಪ್ರಾಧಿಕಾರ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಸೆನ್ಸರ್, ವಿಜ್ಞಾನಿ, ತಂತ್ರಾಂಶ ಮೂರೂ ಈ ಊರಿನಲ್ಲೇ ಇವೆ.