ಮರ ಬೆಳೆಯುತ್ತಿದ್ದರೂ ತೋಪು ದಣಿಯುವುದೇಕೆ?

ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಂಥ ಬಡಾವಣೆಗಳಲ್ಲಿ ಹೊಸ ಮನೆಗೆ ತಾರಸಿ ಹಾಕುವುದನ್ನು ವಾಚಕರು ನೋಡಿರಬಹುದು. ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವುವು ಎಷ್ಟೋ ಕಡೆ ತೋಳಿನ ಗಾತ್ರದ ನೀಲಗಿರಿ ಕಂಬಗಳೇ. ನೂರಡಿಗೂ ಮಿಕ್ಕಿ ಬೆಳೆಯಬಲ್ಲ ಮರವನ್ನು ಇಷ್ಟು ಎಳೆಯದಿರುವಾಗಲೇ ಕಡಿದುದೇಕೆ?

ಇದನ್ನು ಅರಿಯಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ತೋಪಿನ ಕಾಂಡ, ಕೊಂಬೆ, ಎಲೆ, ಬೇರುಗಳ ಒಟ್ಟು ಒಣತೂಕವೇ ಜೀವರಾಶಿ. ವರ್ಷವೊಂದರಲ್ಲಿ ತೋಪು ಹೊಸದಾಗಿ ಗಳಿಸುವುದು ಉತ್ಪಾದಕತೆ. ಮೊದಲನೆಯದು ಕಣಜದಲ್ಲಿರುವ ರಾಗಿ. ಎರಡನೆಯದು ಆ ವರ್ಷದ ಸುಗ್ಗಿ.

ಸಸಿ ನೆಟ್ಟ ಹೊಸತರಲ್ಲಿ ಎಲೆಗಳು ಕೆಲವೇ. ಬಿಸಿಲಿನ ಬಹುಭಾಗ ನೆಲದ ಪಾಲು. ಕೊಂಬೆಗೆ ಕೊಂಬೆ ತಾಗಿ ಹಸಿರು ಚಪ್ಪರ ಕೂಡಿಕೊಂಡ ಕಾಲಕ್ಕೆ ಸುಗ್ಗಿ ತುತ್ತತುದಿಗೇರುವುದು. ಬಳಿಕ ಅದು ಇಳಿಯತೊಡಗುವುದು. ಆದರೂ ಕಣಜ ತುಂಬುತ್ತಲೇ ಹೋಗುವುದು. ಒಂದು ವರ್ಷದ ಗಳಿಕೆಯು ಅದುವರೆಗಿನ ವಾರ್ಷಿಕ ಸರಾಸರಿಯ ಮಟ್ಟಕ್ಕೆ ಇಳಿದಾಗ ಕಡಿದರೆ, ವರ್ಷಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಅತ್ಯಧಿಕ ಮರ ಕೈಸೇರುವುದೆಂಬುದು ಅರಣ್ಯಶಾಸ್ತ್ರದ ಹಳೆಯ ಸೂತ್ರ. ಬೇಗ ಬೆಳೆಯುವ ನೀಲಗಿರಿಗೆ ಈ ಘಳಿಗೆ ಹತ್ತು ವರ್ಷದೊಳಗೇ ಬರುವುದುಂಟು.

ಈ ಇಳಿತಕ್ಕೆ ಕಾರಣವೇನು? ಮರ ದಪ್ಪವಾದಂತೆ ಅದರ ಉಸಿರಾಟಕ್ಕೇ ಹೆಚ್ಚು ಆಹಾರ ವೆಚ್ಚವಾಗುವುದೆಂದು ಹಿಂದೆ ನಂಬಿದ್ದರು. ಹವಾಯಿ ದ್ವೀಪದ ನೀಲಗಿರಿ ಜಾತಿಯ ತೋಪಿನಲ್ಲಿ ರಯಾನ್ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸಮರ್ಥಿಸಲಿಲ್ಲ. ಅಲ್ಲಿ ಎಲೆಗಳು ತಯಾರಿಸುವ ಆಹಾರವೇ ಕಡಿಮೆಯಾಗಿತ್ತು. ಅದರಲ್ಲಿ ಕಾಂಡಕ್ಕೆ ಸಲ್ಲುವ ಪಾಲೂ ಕುಗ್ಗಿತ್ತು.

ಹಾಗಾದರೆ ದೊಡ್ಡ ಮರ ಸೋಮಾರಿಯೆ? ಅಲ್ಲ. 403 ಜಾತಿಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ಬಹುಪಾಲು ಜಾತಿಗಳಲ್ಲಿ ಒಂದೊಂದು ಮರವೂ ದೊಡ್ಡದಾದಷ್ಟು ವರ್ಷಕ್ಕೆ ಹೆಚ್ಚು ತೂಕ ಗಳಿಸುವುದೆಂದು ತೋರಿಸಿತು. ಇದರಲ್ಲಿ ವಿರೋಧವಿಲ್ಲ. ಪೈಪೋಟಿಯಲ್ಲಿ ಸೋತ ಮರಗಳು ಸಾಯುವುದರಿಂದ ಹಳೆಯ ತೋಪಿನಲ್ಲಿ ಎಕರೆಗೆ ನಿಲ್ಲುವ ಮರಗಳೇ ಕಡಿಮೆ.

ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದರ ಜಾಗಕ್ಕೆ ಯಾವ ಮರ ಬಂದರೂ ಪ್ರಶ್ನೆ ಒಂದೇ: ನಮಗೆ ಬೇಕಾದುದು ಸುಗ್ಗಿಯೊ, ಕಣಜವೊ? ಕಂಬಕ್ಕಾಗಿ ಬೆಳೆಸುವ ರೈತನು ಎಳೆಯದರಲ್ಲೇ ಕಡಿಯುವುದು ಸರಿಯಾದ ಲೆಕ್ಕ. ಆದರೆ ತಾರಸಿ ಒಣಗಿದ ಮೇಲೆ ಆ ಕಂಬ ಇಂದಲ್ಲ ನಾಳೆ ಒಲೆ ಸೇರುವುದು. ಅದರಲ್ಲಿದ್ದ ಇಂಗಾಲ ಮರಳಿ ಗಾಳಿಗೆ. ಇಂಗಾಲವನ್ನು ನೆಲದ ಮೇಲೆ ಹಿಡಿದಿಡುವುದೇ ಉದ್ದೇಶವಾದರೆ, ಬೆಳವಣಿಗೆ ನಿಧಾನವಾಯಿತೆಂಬ ಒಂದೇ ಕಾರಣಕ್ಕೆ ಕೊಡಲಿ ಎತ್ತಲಾಗದು.