ಎರಡು ವೈರು ಎಳೆದರೆ ಹಾಡು ಎರಡು ಪಟ್ಟು ಚೆನ್ನಾಗುತ್ತಾ?

ನಿಮ್ಮ ಮನೆಯ ಸ್ಟೀರಿಯೋ ಸ್ಪೀಕರನ್ನು ಒಮ್ಮೆ ಹಿಂದೆ ತಿರುಗಿಸಿ ನೋಡಿ. ಸಾಧಾರಣ ಸ್ಪೀಕರ್ ಆಗಿದ್ದರೆ ವೈರು ಸಿಕ್ಕಿಸೋಕೆ ಎರಡು ಟರ್ಮಿನಲ್ ಇರುತ್ತವೆ. ಒಂದು ಕೆಂಪು, ಒಂದು ಕಪ್ಪು. ಸ್ವಲ್ಪ ದುಬಾರಿಯದ್ದಾಗಿದ್ದರೆ ನಾಲ್ಕು ಇರಬಹುದು. ಮೇಲೊಂದು ಜೋಡಿ, ಕೆಳಗೊಂದು ಜೋಡಿ, ಎರಡನ್ನೂ ಬೆಸೆಯೋಕೆ ನಡುವೆ ಲೋಹದ ಪುಟ್ಟ ಪಟ್ಟಿ. ಈ ನಾಲ್ಕು ಟರ್ಮಿನಲ್ ಹೆಸರಿನಲ್ಲಿ ಸಂಗೀತಪ್ರೇಮಿಗಳ ಮಧ್ಯೆ ನಡೆದಿರೋ ಜಗಳ ನೋಡಿದರೆ ನಮ್ಮ ವಿಧಾನಸಭೆಯೇ ವಾಸಿ ಅನ್ನಿಸುತ್ತೆ.

ಸಂಗೀತದ ಕಾರ್ಯಕ್ರಮ ನಡೆಸುವವನಲ್ಲ ನಾನು. ಆದರೂ ಇವತ್ತು ಈ ವಿಷಯ ಎತ್ತಿಕೊಳ್ಳೋದಕ್ಕೆ ಕಾರಣ ಇದೆ. ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದರು. ಜೀವಮಾನದಲ್ಲಿ ಒಂದೇ ಒಂದು ಆಸೆ, ಒಳ್ಳೇ ಸ್ಪೀಕರಿನಲ್ಲಿ ಮನ್ಸೂರರ ಗಾಯನ ಕೇಳಬೇಕು ಅಂತ. ಗ್ರಾಚ್ಯುಟಿ ಹಣದಲ್ಲಿ ಒಂದು ಜೊತೆ ಸ್ಪೀಕರ್ ತಗೊಂಡರು. ಅಂಗಡಿಯವನು, "ಸರ್, ಇನ್ನೊಂದು ಸೆಟ್ ವೈರು ಹಾಕಿ ಬೈ-ವೈರಿಂಗ್ ಮಾಡಿಸದಿದ್ದರೆ ಅರ್ಧ ಸಂಗೀತ ಮಾತ್ರ ಕೇಳ್ತೀರಿ" ಅಂದನಂತೆ. ವೈರಿನ ಬೆಲೆ 24,000 ರೂಪಾಯಿ. "ಹಾಕಿಸಲಾ, ಬೇಡವಾ?" ಅಂತ ಮೇಷ್ಟ್ರ ಪ್ರಶ್ನೆ. ಮನೆಯಲ್ಲಿ ಹೆಂಡತಿಗೆ ಇನ್ನೂ ಹೇಳಿಲ್ಲವಂತೆ!

ಇದು ಮೇಷ್ಟ್ರೊಬ್ಬರ ಪ್ರಶ್ನೆ ಅಲ್ಲ. ಆಸೆಗಣ್ಣಿಂದ ಅಂಗಡಿಯಲ್ಲಿ ನಿಂತ ಪ್ರತಿಯೊಬ್ಬ ಗ್ರಾಹಕನ ಪ್ರಶ್ನೆ. ಹಾಗಾಗಿ ಬುಡದಿಂದಲೇ ನೋಡೋಣ.

ಒಂದು ಸ್ಪೀಕರ್ ಡಬ್ಬಿಯೊಳಗೆ ಸಾಮಾನ್ಯವಾಗಿ ಎರಡು ಬಗೆಯ ಬಾಯಿಗಳಿರುತ್ತವೆ. ತಬಲಾದ ಬಾಯಾಂನಂಥ ತಗ್ಗು ದನಿಗೆ ದೊಡ್ಡ ವೂಫರ್. ತಾಳದ ಝಣ್ ಅನ್ನೋ ಏರು ದನಿಗೆ ಪುಟ್ಟ ಟ್ವೀಟರ್. ಯಾವ ದನಿ ಯಾವ ಕಡೆ ಹೋಗಬೇಕು ಅಂತ ನಿರ್ಧರಿಸುವ ಟ್ರಾಫಿಕ್ ಪೊಲೀಸು ಕ್ರಾಸ್‌ಓವರ್ ಅನ್ನೋ ಸರ್ಕ್ಯೂಟ್. ಅದೂ ಡಬ್ಬಿಯೊಳಗೇ ಇರುತ್ತೆ. ನಾಲ್ಕು ಟರ್ಮಿನಲ್ ಇರುವ ಸ್ಪೀಕರಿನಲ್ಲಿ ಒಂದು ಜೋಡಿ ವೂಫರಿನ ಕಡೆಗೆ, ಇನ್ನೊಂದು ಟ್ವೀಟರಿನ ಕಡೆಗೆ. ಲೋಹದ ಪಟ್ಟಿ ಇದ್ದಾಗ ಒಂದೇ ವೈರು ಎರಡಕ್ಕೂ ಸಾಕು. ಪಟ್ಟಿ ಬಿಚ್ಚಿ, ಆಂಪ್ಲಿಫೈಯರಿನಿಂದ ಎರಡು ಪ್ರತ್ಯೇಕ ವೈರು ಎಳೆದರೆ ಅದೇ ಬೈ-ವೈರಿಂಗ್.

ಈಗ ವಾದ ಕೇಳಿ. ತಗ್ಗು ದನಿಯ ಭಾರೀ ಕರೆಂಟು, ಏರು ದನಿಯ ನಾಜೂಕು ಕರೆಂಟು ಒಂದೇ ವೈರಿನಲ್ಲಿ ಹರಿದರೆ ದೊಡ್ಡದು ಚಿಕ್ಕದನ್ನು ಕೆಡಿಸುತ್ತೆ, ಬೇರೆ ಬೇರೆ ದಾರಿ ಕೊಟ್ಟರೆ ಎರಡೂ ಸ್ವಚ್ಛ ಅಂತ. ಇದನ್ನು ಹೇಳುವವರೆಲ್ಲ ಬರೀ ವೈರು ಮಾರುವವರಲ್ಲ. ಅಮೆರಿಕದ ಸ್ಪೀಕರ್ ತಯಾರಕ ರಿಚರ್ಡ್ ವ್ಯಾಂಡರ್‌ಸ್ಟೀನ್ ತಮ್ಮ ಸ್ಪೀಕರುಗಳಿಗೆ ಬೈ-ವೈರಿಂಗನ್ನೇ ಶಿಫಾರಸು ಮಾಡಿದವರು. ಇನ್ನೊಂದು ಕಡೆ ಡೆನ್ಮಾರ್ಕಿನ ಡೈನಾಡಿಯೋ ಕಂಪನಿ, ಇದರ ಅಗತ್ಯವೇ ಇಲ್ಲ ಅಂತ ಒಂದೇ ಜೋಡಿ ಟರ್ಮಿನಲ್ ಇಡುತ್ತೆ. ಇಬ್ಬರೂ ಒಳ್ಳೆಯ ಸ್ಪೀಕರ್ ಮಾಡುವವರೇ. ಹಾಗಾದರೆ ಯಾರ ಮಾತು ನಂಬೋದು? ಯಾರನ್ನೂ ನಂಬಬೇಡಿ. ಲೆಕ್ಕ ಹಾಕಿ.

ಅವರ ವಾದದಲ್ಲಿ ಒಂದು ಸತ್ಯ ಇದೆ. ಎರಡು ವೈರು ಹಾಕಿದಾಗ ಕರೆಂಟು ನಿಜವಾಗಿಯೂ ಹಂಚಿಕೊಳ್ಳುತ್ತೆ. ವೂಫರಿನ ವೈರಿನಲ್ಲಿ ತಗ್ಗು ದನಿಯದ್ದು, ಟ್ವೀಟರಿನ ವೈರಿನಲ್ಲಿ ಏರು ದನಿಯದ್ದು. ಅಳೆದು ತೋರಿಸಬಹುದು. ಆದರೆ ಹಂಚಿಕೊಂಡಿತು ಅಂದ ಮಾತ್ರಕ್ಕೆ ಮೊದಲು ಕೆಡುತ್ತಿತ್ತು ಅಂತ ಅರ್ಥವೇ? ಅಲ್ಲ. ತಾಮ್ರದ ವೈರು ಓಮನ ನಿಯಮ ಪಾಲಿಸುತ್ತೆ. ಅದರಲ್ಲಿ ಹತ್ತು ದನಿ ಒಟ್ಟಿಗೆ ಹರಿದರೂ ಒಂದು ಇನ್ನೊಂದರ ತಂಟೆಗೆ ಹೋಗೋದಿಲ್ಲ. ನಾನು ದಿನಾ ರಾತ್ರಿ ಕಾಲರಿಗೆ ಸಿಕ್ಕಿಸಿಕೊಳ್ಳುವ ಮೈಕಿನ ವೈರು ದಾರದಷ್ಟು ತೆಳ್ಳಗಿರುತ್ತೆ. ನನ್ನ ದನಿಯ ಏರು, ತಗ್ಗು ಎಲ್ಲವೂ ಅದರಲ್ಲೇ ಹೋಗಬೇಕು. ನಮ್ಮ ಚರ್ಚೆಯಲ್ಲಿ ಯಾರ ಮಾತೂ ಅರ್ಥವಾಗದಿದ್ದರೆ ಅದು ವೈರಿನ ತಪ್ಪಲ್ಲ, ಸ್ವಾಮಿ!

ಇನ್ನೂ ಹಿಂದಕ್ಕೆ ಹೋಗಿ. ಹಳೇ ಗ್ರಾಮಫೋನ್ ತಟ್ಟೆಯಲ್ಲಿ ಮನ್ಸೂರರ ದನಿ, ತಂಬೂರಿ, ತಬಲಾ ಎಲ್ಲವೂ ಇರೋದು ಒಂದೇ ಗೀರಿನಲ್ಲಿ. ಓದೋದು ಒಂದೇ ಮುಳ್ಳು. ಮುಂದೆ ಅದು ಒಂದೇ ವಾಲ್ಯೂಮ್ ಗುಂಡಿ, ಒಂದೇ ಆಂಪ್ಲಿಫೈಯರ್ ದಾಟಿ ಬರುತ್ತೆ. ಅಷ್ಟು ದೂರ ಒಟ್ಟಿಗೇ ಬಂದ ದನಿಗಳು ಕೊನೆಯ 3 ಮೀಟರಿನಲ್ಲಿ ಜಗಳ ಆಡ್ತವಾ?

ಈಗ ಅಂಕಿ ನೋಡಿ. ಮನೆ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 3 ಮೀಟರ್ ಉದ್ದ. ಹೋಗೋದು, ಬರೋದು ಸೇರಿ 6 ಮೀಟರ್. ಅದರ ಒಟ್ಟು ರೋಧ ಸುಮಾರು 0.04 ಓಮ್. ಸ್ಪೀಕರಿನದ್ದು 8 ಓಮ್ ಅಂತ ಇಟ್ಟುಕೊಳ್ಳಿ. ವೈರಿನಲ್ಲಿ ಕಳೆದುಹೋಗುವ ಸದ್ದು ಡೆಸಿಬಲ್ಲಿನ ನೂರನೇ ಐದು ಭಾಗಕ್ಕಿಂತ ಕಡಿಮೆ. ಬೈ-ವೈರಿಂಗ್ ಏನೇ ಸುಧಾರಿಸಿದರೂ ಇಷ್ಟರೊಳಗೇ ಸುಧಾರಿಸಬೇಕು. ಸಾಮಾನ್ಯ ಕಿವಿಗೆ ವ್ಯತ್ಯಾಸ ಗೊತ್ತಾಗೋದು 1 ಡೆಸಿಬಲ್ ಆಸುಪಾಸಿನಲ್ಲಿ. ಪಳಗಿದ ಕಿವಿಗೆ ಅದರ ಕಾಲು ಭಾಗ ಅನ್ನಿ. ನೂರನೇ ಐದು ಎಲ್ಲಿ, ಕಾಲು ಎಲ್ಲಿ?

ವೈರು ಯಾವತ್ತೂ ಮುಖ್ಯವೇ ಅಲ್ಲವಾ? ಹಾಗಲ್ಲ. 0.75 ಸ್ಕ್ವೇರ್ ಎಂಎಂನ ತೆಳ್ಳನೆ ವೈರನ್ನು 10 ಮೀಟರ್ ಎಳೆಯಿರಿ. ಆಗ ನಷ್ಟ ಅರ್ಧ ಡೆಸಿಬಲ್ ಹತ್ತಿರ. ಸ್ಪೀಕರಿನ ರೋಧ ಎಲ್ಲಾ ದನಿಗೂ ಒಂದೇ ಇರೋದಿಲ್ಲ; ಅದು 4 ಓಮಿಗೆ ಇಳಿಯುವ ಕಡೆ ನಷ್ಟ 1 ಡೆಸಿಬಲ್ ಹತ್ತಿರ ಬರುತ್ತೆ. ಅಂದರೆ ಕೆಲವು ದನಿ ಕುಗ್ಗಿ, ಕೆಲವು ಉಳಿದು, ಸ್ವರದ ಬಣ್ಣವೇ ಸ್ವಲ್ಪ ಬದಲಾಗುತ್ತೆ. ಇಲ್ಲಿ ಎರಡನೇ ವೈರು ಎಳೆದರೆ ಲಾಭ ಕಾಣಬಹುದು. ಓವರ್‌ಹೆಡ್ ಟ್ಯಾಂಕಿನ ಪೈಪು ಸಣ್ಣದಿದ್ದರೆ ಅಡುಗೆಮನೆ ನಲ್ಲಿ ತಿರುಗಿಸಿದ ತಕ್ಷಣ ಬಚ್ಚಲಲ್ಲಿ ನೀರು ಕಡಿಮೆಯಾಗುತ್ತಲ್ಲ, ಹಾಗೆ. ಆದರೆ ಪರಿಹಾರ ಇನ್ನೊಂದು ಪೈಪೇ ಆಗಬೇಕಾ? ಇರೋ ಪೈಪನ್ನು ದಪ್ಪ ಮಾಡಿದರೆ ಸಾಕು. 2.5 ಸ್ಕ್ವೇರ್ ಎಂಎಂ ಹಾಕಿದರೆ 10 ಮೀಟರಿಗೂ ನಷ್ಟ 0.15 ಡೆಸಿಬಲ್ ಅಷ್ಟೇ.

"ಆದರೆ ನಾನೇ ಕೇಳಿದ್ದೀನಿ, ವ್ಯತ್ಯಾಸ ಗೊತ್ತಾಯ್ತು" ಅಂತ ಹೇಳುವವರು ಸಿಗ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ಅವರಿಗೆ ಹಾಗೆ ಅನ್ನಿಸೋಕೆ ಎರಡು ಕಾರಣ ಇವೆ. ಒಂದು, ಬೈ-ವೈರಿಂಗ್ ಮಾಡುವಾಗ ಆ ಲೋಹದ ಪಟ್ಟಿ ಬಿಚ್ಚುತ್ತೀರಿ, ಟರ್ಮಿನಲ್ ಒರೆಸುತ್ತೀರಿ, ತಿರುಪು ಬಿಗಿ ಮಾಡುತ್ತೀರಿ. ವರ್ಷಗಟ್ಟಲೆ ಸಡಿಲವಾಗಿದ್ದ, ತುಕ್ಕು ಹಿಡಿದ ಕನೆಕ್ಷನ್ ಅವತ್ತು ಸರಿಹೋಗುತ್ತೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ತಾಮ್ರ ಹಸಿರಾಗೋದು ನಿಮಗೆ ಗೊತ್ತೇ ಇದೆ. ಸುಧಾರಣೆ ನಿಜ. ಕೆಲಸ ಮಾಡಿದ್ದು ಸ್ಕ್ರೂಡ್ರೈವರು, ಹೆಸರು ಬಂದಿದ್ದು ವೈರಿಗೆ.

ಎರಡನೆಯದು ನಮ್ಮ ಮನಸ್ಸು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ಧ್ವನಿವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಅದೇ ಕೇಳುಗರು, ಅವೇ ಸ್ಪೀಕರ್. ಒಮ್ಮೆ ಪರದೆ ಹಿಂದೆ, ಒಮ್ಮೆ ಕಣ್ಣೆದುರಿಗೆ. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರಿಗೆ ಅಂಕ ಏರಿತು. ಚಿಕ್ಕ, ಅಗ್ಗದ್ದಕ್ಕೆ ಇಳಿಯಿತು. ಕೇಳಿಸಿಕೊಂಡವರು ಸ್ಪೀಕರ್ ಕಂಪನಿಯಲ್ಲೇ ಕೆಲಸ ಮಾಡುವವರು! ಅವರ ಗತಿಯೇ ಹೀಗಾದರೆ 24,000 ರೂಪಾಯಿ ಎಣಿಸಿ ಕೊಟ್ಟು ಬಂದ ನಮ್ಮ ಕಿವಿ "ಏನೂ ವ್ಯತ್ಯಾಸ ಇಲ್ಲ" ಅಂತ ಒಪ್ಪಿಕೊಳ್ಳುತ್ತಾ?

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಮಗನನ್ನೋ ಮಗಳನ್ನೋ ಕರೆದು ನಾಣ್ಯ ಚಿಮ್ಮೋಕೆ ಹೇಳಿ. ತಲೆ ಬಿದ್ದರೆ ಒಂದು ವೈರು, ಬಾಲ ಬಿದ್ದರೆ ಎರಡು. ವೈರು ಬದಲಾಯಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ. ನೀವು ಕೋಣೆಯಿಂದ ಹೊರಗಿರಿ. ವಾಲ್ಯೂಮ್ ಮುಟ್ಟಬೇಡಿ. ಅದೇ ಹಾಡು, ಅದೇ ಕುರ್ಚಿ. 10 ಸಲ ಊಹಿಸಿ. 9 ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟ ಆಗಿರೋ ಸಾಧ್ಯತೆ ನೂರಕ್ಕೆ ಒಂದು. ಧಾರಾಳವಾಗಿ ದುಡ್ಡು ಖರ್ಚು ಮಾಡಿ. ಐದೋ ಆರೋ ಸರಿಯಾದರೆ, ನಾಣ್ಯಕ್ಕೂ ನಿಮ್ಮ ಕಿವಿಗೂ ವ್ಯತ್ಯಾಸ ಇಲ್ಲ.

ಬೈ-ವೈರಿಂಗಿನ ಅಣ್ಣ ಒಬ್ಬ ಇದ್ದಾನೆ, ಬೈ-ಆಂಪಿಂಗ್. ವೂಫರಿಗೊಂದು, ಟ್ವೀಟರಿಗೊಂದು ಆಂಪ್ಲಿಫೈಯರ್. ಡಬ್ಬಿಯೊಳಗಿನ ಕ್ರಾಸ್‌ಓವರ್ ತೆಗೆದು, ಆಂಪ್ಲಿಫೈಯರಿಗೆ ಮೊದಲೇ ದನಿ ವಿಂಗಡಿಸಿದರೆ ಅದು ನಿಜವಾದ ಎಂಜಿನಿಯರಿಂಗ್, ಲಾಭವೂ ನಿಜ. ಆದರೆ ಒಂದು ಎಚ್ಚರಿಕೆ. ಎರಡು ಆಂಪ್ಲಿಫೈಯರ್ ಜೋಡಿಸುವಾಗ ಆ ಲೋಹದ ಪಟ್ಟಿ ಬಿಚ್ಚೋದು ಮರೆತರೆ ಒಂದರ ಔಟ್‌ಪುಟ್ ಇನ್ನೊಂದಕ್ಕೆ ನೇರ ತಗುಲಿ ಆಂಪ್ಲಿಫೈಯರೇ ಸುಟ್ಟುಹೋಗಬಹುದು. ಒಂದೇ ವೈರು ಹಾಕುವಾಗ ಪಟ್ಟಿ ಕಳೆದುಕೊಂಡರೆ ಉಲ್ಟಾ ಸಮಸ್ಯೆ, ಟ್ವೀಟರೋ ವೂಫರೋ ಯಾವುದೋ ಒಂದು ಮೂಕ. ಸ್ಪೀಕರ್ ಕೆಟ್ಟಿತು ಅಂತ ರಿಪೇರಿಗೆ ಹೊತ್ತುಕೊಂಡು ಹೋಗಬೇಡಿ.

ಮೇಷ್ಟ್ರೇ, ನನ್ನ ಉತ್ತರ ಇಷ್ಟೇ. 24,000 ರೂಪಾಯಿ ಜೇಬಲ್ಲೇ ಇರಲಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಮೀಟರ್ ಲೆಕ್ಕದಲ್ಲಿ ತನ್ನಿ. ತಿರುಪು ಬಿಗಿ ಮಾಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಆಮೇಲೆ ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಎಳೆಯಿರಿ. ಗೋಡೆಗೆ ಅಂಟಿದ ಸ್ಪೀಕರಿನಲ್ಲಿ ತಗ್ಗು ದನಿ 3ರಿಂದ 6 ಡೆಸಿಬಲ್ ಉಬ್ಬಬಹುದು. ವೈರಿನ ಲೆಕ್ಕದ ಪಕ್ಕ ಇಟ್ಟು ನೋಡಿ, ಎಷ್ಟು ಪಟ್ಟು! ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ಒಂದು ಜಮಖಾನ ಹಾಸಿ, ದಪ್ಪ ಪರದೆ ಕಟ್ಟಿ, ಪುಸ್ತಕದ ಕಪಾಟು ಇಡಿ. ಮನೆಯವರೂ ಖುಷಿ ಪಡ್ತಾರೆ.

ಅಂಗಡಿಯಲ್ಲಿ ಯಾರಾದರೂ "ಇದಿಲ್ಲದಿದ್ದರೆ ಅರ್ಧ ಮಾತ್ರ ಕೇಳ್ತೀರಿ" ಅಂದರೆ ಒಂದೇ ಪ್ರಶ್ನೆ ಕೇಳಿ: "ಎಷ್ಟು ಡೆಸಿಬಲ್?" ಉತ್ತರ ಬಂದರೆ ಕೂತು ಮಾತಾಡಿ. ಬರದಿದ್ದರೆ ಎದ್ದು ಬನ್ನಿ.