ಲಾರಿ ವಾಪಸ್ ಕಳಿಸುವ ಕೆಲಸ

ಎಂಜಿನಿಯರ್ ಅಂದರೆ ಕಟ್ಟಿಸುವವರು ಅಂತ ನೀವು ತಿಳಿದಿರುತ್ತೀರಿ, ಮಕ್ಕಳೇ. ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ಎಂಜಿನಿಯರ್. ಆದರೆ ಅವಳು ಒಂದು ಗೋಡೆಯನ್ನೂ ಕಟ್ಟಿಸುವುದಿಲ್ಲ. ಅವಳದು ಗುಣಮಟ್ಟ ನೋಡುವ ಕೆಲಸ, ಕ್ವಾಲಿಟಿ ಎಂಜಿನಿಯರ್. "ಹಾಗಾದರೆ ದಿನವಿಡೀ ಏನಮ್ಮ ಮಾಡ್ತೀಯ?" ಎಂದು ಕೇಳಿದೆ. "ಬೇಡ ಅನ್ನೋದು, ತಾತ" ಎಂದಳು.

ನನಗೆ ಬೇಗ ಅರ್ಥವಾಯಿತು. ಬ್ಯಾಂಕಿನಲ್ಲಿ ನಾನು ಬರೆದ ವೋಚರನ್ನು ನಾನೇ ಪಾಸು ಮಾಡುವಂತಿರಲಿಲ್ಲ. ತಿಜೋರಿಗೂ ಎರಡು ಬೀಗದಕೈ, ಇಬ್ಬರ ಹತ್ತಿರ. ಅದು ಅಪನಂಬಿಕೆಯಲ್ಲ, ಪದ್ಧತಿ. ಕಟ್ಟಿಸುವವರಿಗೆ ಹೇಳಿದ ತಾರೀಖಿಗೆ ಚಾವಣಿ ಮುಗಿಸುವ ಆತುರ ಇರುತ್ತದೆ. ಅದಕ್ಕೇ ನೋಡುವವರು ಬೇರೆಯವರಾಗಿರಬೇಕು.

ಕಾಂಕ್ರೀಟು ಹಾಕುವ ಮೊದಲೇ ಕಬ್ಬಿಣದ ಸರಳುಗಳನ್ನು ಅವಳು ನಕ್ಷೆಯೊಂದಿಗೆ ತಾಳೆ ನೋಡುತ್ತಾಳೆ. ಒಮ್ಮೆ ಮುಚ್ಚಿಹೋದರೆ ಯಾರು ಎಣಿಸುತ್ತಾರೆ? ಹೊಟ್ಟೆ ತಿರುಗಿಸುತ್ತ ಬರುತ್ತದಲ್ಲ, ಆ ಕಾಂಕ್ರೀಟು ಲಾರಿ ಬಂದ ಕೂಡಲೇ ಚೀಟಿ ನೋಡುವುದು: ಎಷ್ಟು ಗಂಟೆಗೆ ತುಂಬಿದ್ದು? ಆಮೇಲೆ ಸ್ಲಂಪ್ ಪರೀಕ್ಷೆ. ತುದಿ ಕತ್ತರಿಸಿದ ಶಂಕುವಿನಂಥ, 300 ಮಿಲಿಮೀಟರ್ ಎತ್ತರದ ಲೋಹದ ಅಚ್ಚಿಗೆ ಕಾಂಕ್ರೀಟು ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 25 ಸಲ ಕುಟ್ಟಿ, ಅಚ್ಚನ್ನು ನೇರ ಮೇಲಕ್ಕೆತ್ತುತ್ತಾರೆ. ರಾಶಿ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ.

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಲಾರಿಯ ಕಾಂಕ್ರೀಟು ಬಿಗಿಯಾಗಿರುತ್ತದೆ. "ಎರಡು ಬಕೆಟ್ ನೀರು ಬಿಟ್ಟರಾಯ್ತು ಮೇಡಂ" ಎನ್ನುವವರು ಇದ್ದೇ ಇರುತ್ತಾರೆ. ನೀರು ಬಿಟ್ಟರೆ ಸಲೀಸಾಗಿ ಹರಿಯುತ್ತದೆ, ನಿಜ. ಆದರೆ ಹೆಚ್ಚಾದ ನೀರು ಆರಿದ ಮೇಲೆ ಒಳಗೆ ಕಣ್ಣಿಗೆ ಕಾಣದ ತೂತುಗಳು ಉಳಿದು ಬಲ ಕುಗ್ಗುತ್ತದೆ. ಒಮ್ಮೆ ಹೀಗಾದಾಗ ಅವಳು ಲಾರಿಯನ್ನೇ ವಾಪಸ್ ಕಳಿಸಿದಳು. ಕೆಲಸಗಾರರೆಲ್ಲ ಸುಮ್ಮನೆ ನಿಲ್ಲಬೇಕಾಯಿತು. ಗುತ್ತಿಗೆದಾರರು ಫೋನಿನಲ್ಲಿ ಕೂಗಾಡಿದರು. 26 ವರ್ಷದ ಹುಡುಗಿ, ಸಹಿ ಹಾಕಲಿಲ್ಲ! ಸಾಲದ ಕಾಗದಕ್ಕೆ ಸಹಿ ಹಾಕಿ ಎಂಬ ಒತ್ತಾಯ ಬಂದಾಗ ನುರಿತ ಮ್ಯಾನೇಜರುಗಳೇ ಬೆವರಿದ್ದನ್ನು ಕಂಡವನು ನಾನು.

ಒಪ್ಪಿದ ಲಾರಿಯ ಕಾಂಕ್ರೀಟಿಗೂ ಪರೀಕ್ಷೆ ಮುಗಿಯುವುದಿಲ್ಲ. ಅದರಿಂದ 150 ಮಿಲಿಮೀಟರ್ ಅಳತೆಯ ಘನಗಳನ್ನು ಅಚ್ಚು ಹಾಕಿ, ಮರುದಿನ ಬಿಚ್ಚಿ, ತಾರೀಖು ಬರೆದು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. 7ನೇ ದಿನ ಕೆಲವನ್ನು, 28ನೇ ದಿನ ಉಳಿದವನ್ನು ಯಂತ್ರದಡಿ ಇಟ್ಟು ಒಡೆಯುತ್ತಾರೆ. ಎಂ25 ಎಂಬ ಜಾತಿಯ ಕಾಂಕ್ರೀಟಾದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು. ಲೆಕ್ಕ ಹಾಕಿದೆ: ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ಘನದ ಮೇಲೆ ಸುಮಾರು 57 ಟನ್! ದಸರಾ ಆನೆ 5 ಟನ್ ಎಂದರೂ ಹನ್ನೊಂದು ಆನೆಗಳ ಭಾರ. ಆದರೆ 28 ದಿನ ಕಳೆಯುವಷ್ಟರಲ್ಲಿ ಚಾವಣಿಯ ಮೇಲೆ ಇನ್ನೊಂದು ಮಹಡಿ ಎದ್ದಿರಬಹುದು. ಲಾರಿ ಬಾಗಿಲಲ್ಲಿರುವಾಗಲೇ ಅವಳು ಅಷ್ಟು ಹಟ ಹಿಡಿಯುವುದು ಅದಕ್ಕೇ.

ನಿಮ್ಮ ಬೀದಿಯಲ್ಲಿ ಮನೆ ಕಟ್ಟಲು ಹೊಳೆ ಮರಳು ಬಿದ್ದಿದ್ದರೆ, ಕೇಳಿ ಎರಡು ಹಿಡಿ ತನ್ನಿ. ಗಾಜಿನ ಬಾಟಲಿಗೆ ಹಾಕಿ, ನೀರು, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲ್ಲಾಡಿಸಿ ಮೂರು ಗಂಟೆ ಬಿಡಿ. ಕೆಳಗೆ ಮರಳು, ಮೇಲೆ ಕೆಸರಿನ ಪದರ ಕೂರುತ್ತದೆ. ತಾತನ ಕೈಗೆ ಸ್ಕೇಲು ಕೊಡಿ. 10 ಸೆಂಟಿಮೀಟರ್ ಮರಳಿಗೆ ಕೆಸರು 8 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಮನೆ ಕಟ್ಟಿಸುವವರಿಗೆ ಬಾಟಲಿ ಸಮೇತ ತೋರಿಸಿ.